ಭರ್ತಿ ಕಾರಿನ ಪರೀಕ್ಷೆ

ಹಣ ಕಟ್ಟುವ ಮುನ್ನ ಕಾರನ್ನು ಸ್ವತಃ ಓಡಿಸಿ ನೋಡುವ ‘ಟೆಸ್ಟ್ ಡ್ರೈವ್’ ಪದ್ಧತಿ ಭಾರತದಲ್ಲಿ ತೀರ ಹಳೆಯದೇನಲ್ಲ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳ ಕಾಲದಲ್ಲಿ ಹಣ ಕಟ್ಟಿದ ಮೇಲೂ ವರ್ಷಗಟ್ಟಲೆ ಸರದಿ ಕಾಯಬೇಕಾಗಿದ್ದುದರಿಂದ ಆಯ್ಕೆಯ ಪ್ರಶ್ನೆಯೇ ಏಳುತ್ತಿರಲಿಲ್ಲ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಾಗಲೂ ಸರದಿ ಮಾತ್ರ ತಪ್ಪಲಿಲ್ಲ. 1998ರಲ್ಲಿ ಹುಂಡೈ ಸ್ಯಾಂಟ್ರೊ ಮತ್ತು ಟಾಟಾ ಇಂಡಿಕಾ ಮಾರುಕಟ್ಟೆಗೆ ಬಂದ ಮೇಲೆ, ಒಂದೇ ಬೆಲೆಯ ಎರಡು ಮೂರು ಗಾಡಿಗಳನ್ನು ಎದುರುಬದುರು ಇಟ್ಟು ನೋಡುವ ಸ್ಥಿತಿ ಮಧ್ಯಮ ವರ್ಗದ ಕುಟುಂಬಗಳಿಗೆ ಒದಗಿತು. ಇಂದು ಒಂದೇ ಬೆಲೆಯಲ್ಲಿ ಹತ್ತಾರು ಮಾದರಿಗಳು, ಪ್ರತಿಯೊಂದರಲ್ಲೂ ಐದಾರು ‘ವೇರಿಯಂಟ್’ಗಳು, ಅಂದರೆ ಸೌಕರ್ಯಗಳ ಮೇಲೆ ಬೆಲೆ ಬದಲಾಗುವ ಉಪಮಾದರಿಗಳು, ದೊರೆಯುತ್ತಿರುವುದರಿಂದ ಹೋಲಿಸುವುದೇ ಒಂದು ದೊಡ್ಡ ಕೆಲಸವಾಗಿದೆ.

ಈ ಕೆಲಸ ಊರಿಂದ ಊರಿಗೆ ಬೇರೆಯಾಗುತ್ತದೆ ಎಂಬುದಕ್ಕೆ ಖಾನಾಪುರ ತಾಲ್ಲೂಕಿನ ನಂದಗಡ ತಕ್ಕ ನಿದರ್ಶನ. 1831ರಲ್ಲಿ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ ನೆಲವೆಂದು ನಾಡಿಗೆಲ್ಲ ಪರಿಚಿತವಾಗಿರುವ ಈ ಊರಿನಿಂದ ಒಂದು ರಸ್ತೆ ಖಾನಾಪುರದ ಮೂಲಕ ಬೆಳಗಾವಿಗೆ, ಇನ್ನೊಂದು ಹಳಿಯಾಳದ ಕಡೆಗೆ ಹೋಗುತ್ತದೆ. ತಾಲ್ಲೂಕಿನ ಪೂರ್ವದ ಹಳ್ಳಿಗಳು ಬಯಲುನಾಡಿನತ್ತ ಚಾಚಿಕೊಂಡಿದ್ದರೆ, ಪಶ್ಚಿಮದ ಅಂಚು ಕಣಕುಂಬಿಯ ಬಳಿ ಮಲಪ್ರಭೆ ಹುಟ್ಟುವ ಸಹ್ಯಾದ್ರಿಯ ದಟ್ಟ ಕಾಡು. ಹೀಗಾಗಿ ಇಲ್ಲಿಯ ಕುಟುಂಬವೊಂದರ ಗಾಡಿ ವಾರದಲ್ಲಿ ಮೂರು ದಿನ ಖಾನಾಪುರದ ಕಚೇರಿಗೋ ಶಾಲೆಗೋ ಓಡಿ, ತಿಂಗಳಿಗೊಮ್ಮೆ ಬೆಳಗಾವಿಯ ಖಡೇಬಜಾರ್, ಗಣಪತ ಗಲ್ಲಿಗಳ ಇಕ್ಕಟ್ಟಿನಲ್ಲಿ ನುಸುಳಿ, ವರ್ಷಕ್ಕೊಮ್ಮೆ ಮನೆಮಂದಿಯನ್ನೆಲ್ಲ ತುಂಬಿಕೊಂಡು ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೂ, ಚೋರ್ಲಾ ಅಥವಾ ಅನಮೋಡ ಘಾಟ್ ಇಳಿದು ಗೋವಾಕ್ಕೂ ಹೋಗಿಬರಬೇಕಾಗುತ್ತದೆ. ಅದನ್ನು ಪರೀಕ್ಷಿಸುವುದು ಮಾತ್ರ ಬೆಳಗಾವಿ ನಗರದ ಸಮತಟ್ಟಾದ ಅಗಲ ರಸ್ತೆಯಲ್ಲಿ, ಎಸಿ ಹಾಕಿ ತಂಪು ಮಾಡಿಟ್ಟ ಖಾಲಿ ಕಾರಿನಲ್ಲಿ, ಪಕ್ಕದಲ್ಲಿ ಕನ್ನಡ, ಮರಾಠಿ, ಹಿಂದಿ ಮೂರರಲ್ಲೂ ಗಾಡಿಯ ಗುಣಗಾನ ಮಾಡಬಲ್ಲ ಸೇಲ್ಸ್‌ಮನ್ನನ್ನು ಕೂರಿಸಿಕೊಂಡು, ನಾಲ್ಕೈದು ಕಿಲೋಮೀಟರು. ಆ ಹದಿನೈದು ನಿಮಿಷದಲ್ಲಿ ಕೆಟ್ಟ ಕಾರೆಂಬುದು ಇರುವುದೇ ಇಲ್ಲ.

ಇಲ್ಲಿ ವಾದಿಸಬೇಕಾದದ್ದು ಒಂದೇ. ಮಾರುವವನು ಹಾಕಿಕೊಟ್ಟ ದಾರಿಯಲ್ಲಿ ಪರೀಕ್ಷೆಗೆ ಒಳಗಾಗುವುದು ಕಾರಲ್ಲ, ಕೊಳ್ಳುವವನ ಆಸೆ. ಕುಟುಂಬದ ಕಾರನ್ನು ಕುಟುಂಬ ಕುಳಿತ ಮೇಲೆ, ಕುಟುಂಬ ಹೋಗುವಂಥ ರಸ್ತೆಯಲ್ಲಿ ಓಡಿಸಿದಾಗ ಮಾತ್ರ ಅದರ ಗುಣದೋಷ ಹೊರಬೀಳುತ್ತದೆ.

ಭಾರದ ಲೆಕ್ಕದಿಂದಲೇ ಆರಂಭಿಸಬಹುದು. ಒಂದು ಟನ್ನಿನ ಆಸುಪಾಸು ತೂಗುವ ಸಣ್ಣ ಕಾರಿನಲ್ಲಿ ಐದಾರು ಮಂದಿ ಸಾಮಾನು ಸಮೇತ ಕುಳಿತರೆ ಸುಮಾರು 400 ಕಿಲೋ ಸೇರುತ್ತದೆ, ಅಂದರೆ ಗಾಡಿಯ ಸ್ವಂತ ತೂಕದ ಶೇಕಡಾ 40ರಷ್ಟು. ಈ ಭಾರ ಎಂಜಿನ್, ಕ್ಲಚ್, ಬ್ರೇಕ್, ಸಸ್ಪೆನ್ಷನ್ ನಾಲ್ಕರ ನಡವಳಿಕೆಯನ್ನೂ ಬದಲಿಸುತ್ತದೆ. ಕ್ಯಾಟಲಾಗಿನಲ್ಲಿ ದೊಡ್ಡಕ್ಷರದಲ್ಲಿ ಅಚ್ಚಾಗುವ ಅಶ್ವಶಕ್ತಿಗಿಂತ ಇಲ್ಲಿ ಮುಖ್ಯವಾಗುವುದು ‘ಟಾರ್ಕ್’, ಅಂದರೆ ಎಂಜಿನ್ನಿನ ದಂಡವನ್ನು ತಿರುಚುವ ಬಲ. ಅದನ್ನು ನ್ಯೂಟನ್ ಮೀಟರಿನಲ್ಲಿ ಅಳೆಯುತ್ತಾರೆ, ಮತ್ತು ಆ ಬಲ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುವಾಗ ಸಿಗುತ್ತದೆ ಎಂಬ ಸಂಖ್ಯೆಯನ್ನೂ ಅದರ ಪಕ್ಕದಲ್ಲೇ ಕೊಟ್ಟಿರುತ್ತಾರೆ. ಸಾಮಾನ್ಯ 1.2 ಲೀಟರ್ ಪೆಟ್ರೋಲ್ ಎಂಜಿನ್ ಸುಮಾರು 110 ನ್ಯೂಟನ್ ಮೀಟರ್ ಬಲವನ್ನು 4,000 ಸುತ್ತು ದಾಟಿದ ಮೇಲೆ ಕೊಟ್ಟರೆ, 1 ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್ ಸುಮಾರು 170ನ್ನೂ 1.5 ಲೀಟರ್ ಡೀಸೆಲ್ ಎಂಜಿನ್ ಸುಮಾರು 250ನ್ನೂ 1,500 ಸುತ್ತಿನ ಆಸುಪಾಸಿನಲ್ಲೇ ಕೊಡಬಲ್ಲವು. ಖಾಲಿ ಕಾರಿನಲ್ಲಿ ಈ ವ್ಯತ್ಯಾಸ ‘ಪಿಕಪ್ ಚೆನ್ನಾಗಿದೆ’ ಎಂಬ ಒಂದು ಮಾತಿನಲ್ಲಿ ಮುಗಿದುಹೋಗುತ್ತದೆ. ಗೋವಾದಿಂದ ಮರಳುವಾಗ ಚೋರ್ಲಾದ ತಿರುವಿನಲ್ಲಿ ಮುಂದಿನ ಲಾರಿ ನಿಂತು, ಎಸಿ ಓಡುತ್ತಿರುವಾಗಲೇ ಆರು ಮಂದಿಯನ್ನು ಹೊತ್ತ ಗಾಡಿ ಮತ್ತೆ ಏರನ್ನು ಹಿಡಿಯಬೇಕಾದಾಗ, ಮೊದಲ ಎಂಜಿನ್ ಒಂದನೇ ಗೇರಿನಲ್ಲಿ ಕಿರುಚುತ್ತದೆ, ಎರಡನೆಯದಕ್ಕೆ ಬದಲಿಸಿದೊಡನೆ ಉಸಿರು ಕಟ್ಟುತ್ತದೆ.

ಚೋರ್ಲಾದವರೆಗೆ ಗಾಡಿ ಒಯ್ಯಲು ಯಾವ ಶೋರೂಮೂ ಒಪ್ಪಲಿಕ್ಕಿಲ್ಲ. ಆದರೂ ನಗರದೊಳಗೇ ಗೋಗಟೆ ವೃತ್ತದ ರೈಲ್ವೆ ಮೇಲ್ಸೇತುವೆಯ ಏರು ಇದೆ, ದಟ್ಟಣೆಯ ಹೊತ್ತಿನಲ್ಲಿ ಅಲ್ಲಿ ಗಾಡಿ ನಿಂತು ಹೊರಡಲೇಬೇಕಾಗುತ್ತದೆ. ಸ್ವಲ್ಪ ಹೆಚ್ಚು ಹೊತ್ತು ಕೇಳಿ ಪಡೆದರೆ ಹತ್ತರಗಿಯ ಕಡೆಯ ಹೆದ್ದಾರಿಯಲ್ಲಿ ವಂಟಮೂರಿ ಘಾಟ್ ಸಿಗುತ್ತದೆ. ಮನೆಯವರನ್ನೆಲ್ಲ ಕೂರಿಸಿಕೊಂಡು ಏರಿನಲ್ಲಿ ಪೂರ್ತಿ ನಿಲ್ಲಿಸಿ ಹೊರಡುವುದು, ಎರಡನೇ ಗೇರಿನಲ್ಲಿ ಗಂಟೆಗೆ 20 ಕಿಲೋಮೀಟರ್ ವೇಗದಿಂದ ಎತ್ತಿಕೊಳ್ಳುವುದು, ಇಳಿಯುವಾಗ ಬ್ರೇಕ್ ತುಳಿಯದೆ ಕೆಳಗಿನ ಗೇರಿನ ಹಿಡಿತ ಎಷ್ಟಿದೆ ಎಂದು ನೋಡುವುದು, ಈ ಮೂರನ್ನು ಮಾಡಿದರೆ ಎಂಜಿನ್ನಿನ ಬಗ್ಗೆ ತಿಳಿಯಬೇಕಾದ ಬಹುಪಾಲು ತಿಳಿದಂತೆಯೇ.

ಗೇರಿನ ಆಯ್ಕೆಯೂ ಇದೇ ಏರಿನಲ್ಲಿ ತೀರ್ಮಾನವಾಗತಕ್ಕದ್ದು. ಕ್ಲಚ್ ಪೆಡಲ್ ಇಲ್ಲದ ಗಾಡಿಗಳನ್ನೆಲ್ಲ ಜನ ‘ಆಟೊಮ್ಯಾಟಿಕ್’ ಎಂದು ಒಂದೇ ಹೆಸರಿನಿಂದ ಕರೆದರೂ ಅವುಗಳೊಳಗೆ ಬೇರೆ ಬೇರೆ ಜಾತಿಗಳಿವೆ. ಅಗ್ಗದ ‘ಎಎಂಟಿ’ಯಲ್ಲಿ ಮಾಮೂಲಿ ಗೇರ್‌ಬಾಕ್ಸನ್ನೇ ಯಂತ್ರವೊಂದು ಚಾಲಕನ ಪರವಾಗಿ ಬದಲಿಸುತ್ತದಾದ್ದರಿಂದ ಗೇರ್ ಬೀಳುವಾಗ ತಲೆ ಮುಂದಕ್ಕೆ ವಾಲುವಷ್ಟು ತಡೆ ಕಾಣುತ್ತದೆ, ‘ಟಾರ್ಕ್ ಕನ್ವರ್ಟರ್’ ಎಂಬುದು ಎಣ್ಣೆಯ ಮೂಲಕ ಬಲ ಸಾಗಿಸುವ, ನಯವಾದ, ಆದರೆ ಇಂಧನವನ್ನು ತುಸು ಹೆಚ್ಚು ಕುಡಿಯುವ ಹಳೆಯ ವಿಧಾನ, ಎರಡು ಕ್ಲಚ್ಚುಗಳ ‘ಡಿಸಿಟಿ’ ಚುರುಕಾಗಿದ್ದರೂ ಏರಿನ ಮೇಲೆ ಇಂಚಿಂಚಾಗಿ ಸಾಗುವ ಸಾಲಿನಲ್ಲಿ ಬಿಸಿಯಾಗುವ ಸ್ವಭಾವದ್ದು. ‘ಹಿಲ್ ಹೋಲ್ಡ್’, ಅಂದರೆ ಬ್ರೇಕಿನಿಂದ ಕಾಲೆತ್ತಿದ ಮೇಲೂ ಗಾಡಿ ಹಿಂದಕ್ಕೆ ಜಾರದಂತೆ ಒಂದೆರಡು ಕ್ಷಣ ಹಿಡಿದಿಡುವ ಸೌಲಭ್ಯ, ಘಾಟ್ ರಸ್ತೆ ಬಳಸುವವರಿಗೆ ಸನ್‌ರೂಫಿಗಿಂತ ನೂರು ಪಾಲು ಹೆಚ್ಚು ಬೆಲೆಯುಳ್ಳದ್ದು. ಆಶ್ಚರ್ಯವೆಂದರೆ ಶೋರೂಮಿನಲ್ಲಿ ಮೊದಲು ತೆರೆದು ತೋರಿಸುವುದು ಸನ್‌ರೂಫನ್ನೇ.

ಇನ್ನು ಕೂರುವ ಜಾಗ. ಮನೆಯ ಯಜಮಾನ ಸ್ಟಿಯರಿಂಗ್ ಹಿಡಿದು ಒಪ್ಪಿಗೆ ಕೊಡುವುದೂ, ಉಳಿದವರು ಶೋರೂಮಿನ ಸೋಫಾದಲ್ಲಿ ಚಹಾ ಕುಡಿಯುತ್ತ ಕಾಯುವುದೂ ರೂಢಿಯಾಗಿಬಿಟ್ಟಿದೆ. ಆದರೆ ಗಾಡಿಯಲ್ಲಿ ಹೆಚ್ಚು ಹೊತ್ತು ಕುಳಿತಿರುವವರು ಈ ಉಳಿದವರೇ. ಮಂಡಿನೋವಿನ ಅಜ್ಜಿ ಎತ್ತರದ ಎಸ್‌ಯುವಿಗೆ ಹತ್ತುವಾಗ ಎಲ್ಲಿ ಕೈಯಿಟ್ಟು ಭಾರ ಬಿಡುತ್ತಾರೆ, ಇಳಿಯುವಾಗ ಸೀರೆಯ ನೆರಿಗೆ ಮೆಟ್ಟುಹಲಗೆಗೆ ತಾಗುತ್ತದೆಯೇ, ಹಿಂದಿನ ಸೀಟಿನ ನಡುವೆ ಕುಳಿತವರ ಕಾಲಡಿ ಉಬ್ಬು ಎಷ್ಟಿದೆ, ತೊಡೆಯ ಕೆಳಗೆ ಮೆತ್ತೆಯ ಆಸರೆ ಮಂಡಿಯವರೆಗೂ ಬರುತ್ತದೆಯೇ ಎಂಬುದೆಲ್ಲ ಅವರೇ ಕುಳಿತು ಅರ್ಧ ಗಂಟೆ ಸಾಗದೆ ಗೊತ್ತಾಗುವಂಥವಲ್ಲ. ವಾಂತಿಯಾಗುವ ಮಕ್ಕಳಿದ್ದ ಮನೆಯಲ್ಲಿ ಹಿಂದಿನ ಕಿಟಕಿ ಎಷ್ಟು ದೊಡ್ಡದು, ಗಾಜು ಎಷ್ಟರಮಟ್ಟಿಗೆ ಕೆಳಗಿಳಿಯುತ್ತದೆ ಎಂಬುದೂ ಸಣ್ಣ ವಿಷಯವಲ್ಲ.

ಏಳು ಸೀಟಿನ ಗಾಡಿಗಳಲ್ಲಿ ಈ ಎಚ್ಚರ ಇನ್ನೂ ಹೆಚ್ಚಿರಬೇಕು. 2012ರಲ್ಲಿ ಬಂದ ಮಾರುತಿ ಎರ್ಟಿಗಾ, 2019ರ ರೆನೊ ಟ್ರೈಬರ್, 2022ರ ಕಿಯಾ ಕರೆನ್ಸ್ ಮೂರೂ ‘ಏಳು ಮಂದಿಗೆ’ ಎಂಬ ಒಂದೇ ಮಾತಿನಿಂದ ಮಾರಾಟವಾಗುತ್ತಿದ್ದರೂ, ಟ್ರೈಬರಿನ ಉದ್ದ ಸುಮಾರು 3,990 ಮಿ.ಮೀ., ಎರ್ಟಿಗಾದ್ದು ಸುಮಾರು 4,400, ಕರೆನ್ಸಿನದು 4,540. ಈ ಅರ್ಧ ಮೀಟರಿನ ವ್ಯತ್ಯಾಸ ಕಾಣುವುದು ಡಿಕ್ಕಿಯಲ್ಲಿ: ಮೂರೂ ಸಾಲು ಎತ್ತಿಟ್ಟಾಗ ಟ್ರೈಬರಿನಲ್ಲಿ ಉಳಿಯುವ ಜಾಗ 84 ಲೀಟರ್, ಎರ್ಟಿಗಾದಲ್ಲಿ 209, ಕರೆನ್ಸಿನಲ್ಲಿ 216. ಎಂಬತ್ತನಾಲ್ಕು ಲೀಟರಿನಲ್ಲಿ ಒಂದೆರಡು ಶಾಲಾ ಚೀಲಗಳು ಹಿಡಿಯಬಹುದು. ಎಲ್ಲಮ್ಮನ ಗುಡ್ಡಕ್ಕೆ ಹೊರಟವರ ಅಡುಗೆ ಪಾತ್ರೆ, ದೇವಿಗೆ ಅರ್ಪಿಸುವ ಪಡ್ಡಲಗಿಯ ಸಾಮಾನು ಮಡಿಲಲ್ಲಿಯೇ ಹೋಗಬೇಕು. ಟ್ರೈಬರಿನ 1 ಲೀಟರ್ ಎಂಜಿನ್ನಿನ ಟಾರ್ಕ್ 96 ನ್ಯೂಟನ್ ಮೀಟರ್, ಎರ್ಟಿಗಾದ 1.5 ಲೀಟರ್ ಪೆಟ್ರೋಲಿನದು ಸುಮಾರು 137, ಕರೆನ್ಸಿನ ಡೀಸೆಲ್ಲಿನದು 250 ಎಂಬುದನ್ನು ಇದರೊಡನೆ ಸೇರಿಸಿ ಓದಿದರೆ, ನಿತ್ಯ ನಾಲ್ಕು ಮಂದಿ ಓಡಾಡಿ ಅಪರೂಪಕ್ಕೆ ಆರು ಮಂದಿ ಕೂರುವ ಮನೆಗೆ ಮೊದಲನೆಯದು ಜಾಣತನದ ಆಯ್ಕೆಯೆಂದೂ, ತಿಂಗಳಿಗೆರಡು ಸಲ ಏಳೂ ಸೀಟು ತುಂಬುವ ಕೂಡುಕುಟುಂಬಕ್ಕೆ ಅದು ದಂಡವೆಂದೂ ತಾನಾಗಿ ತಿಳಿಯುತ್ತದೆ. ಪಟ್ಟಿಯಲ್ಲಿರುವ ಸಂಖ್ಯೆ ಏನೇ ಹೇಳಲಿ, ಮೂರನೇ ಸಾಲಿಗೆ ಮನೆಯ ಅತಿ ಎತ್ತರದ ವ್ಯಕ್ತಿಯನ್ನು ಕಳಿಸಿ, ನಡುವಿನ ಸೀಟನ್ನು ಮಾಮೂಲಿ ಜಾಗಕ್ಕೆ ತಂದು, ಆತನ ಮಂಡಿ ಎದೆಗೆ ಬರುತ್ತದೆಯೇ ಎಂದು ನೋಡುವುದು ಎಲ್ಲಕ್ಕಿಂತ ನಂಬಿಕೆಯ ಅಳತೆ.

ಗಾಡಿಯ ತಳಕ್ಕೂ ನೆಲಕ್ಕೂ ನಡುವಿನ ಅಂತರವಾದ ‘ಗ್ರೌಂಡ್ ಕ್ಲಿಯರೆನ್ಸ್’ ಸಣ್ಣ ಕಾರುಗಳಲ್ಲಿ 165 ಮಿ.ಮೀ. ಆಸುಪಾಸು, ಎಸ್‌ಯುವಿಗಳಲ್ಲಿ 200ರ ಆಸುಪಾಸು ಇರುತ್ತದೆ. ಕ್ಯಾಟಲಾಗಿನಲ್ಲಿ ಸಾಮಾನ್ಯವಾಗಿ ಕೊಡುವುದು ಖಾಲಿ ಗಾಡಿಯ ಅಳತೆಯಾದ್ದರಿಂದ, ಭರ್ತಿಯಾದ ಮೇಲೆ ಅದು ಕೆಲವು ಸೆಂಟಿಮೀಟರ್ ಕುಸಿಯುತ್ತದೆ. ಮಳೆಗಾಲ ಮುಗಿದ ಮೇಲೆ ಹಳ್ಳಿಗಳ ಒಳರಸ್ತೆಗಳಲ್ಲಿ ಟ್ರ್ಯಾಕ್ಟರಿನ ಗಾಲಿ ಕೊರೆದ ಎರಡು ಸಾಲುಗಳ ನಡುವೆ ಕೆಂಪು ಮಣ್ಣಿನ ದಿಬ್ಬ ಗಟ್ಟಿಯಾಗಿ ನಿಂತಿರುತ್ತದೆ. ಅಲ್ಲಿ ತಳ ಉಜ್ಜುವ ಸದ್ದು ಕೇಳಿಸುವುದು ಹಿಂದೆ ಮೂವರು ಕುಳಿತಾಗಲೇ. ಪರೀಕ್ಷೆಯ ದಿನ ಯಾವುದಾದರೂ ಎತ್ತರದ ಹಂಪ್ ಅನ್ನು ಭರ್ತಿ ಗಾಡಿಯಲ್ಲಿ ಒಮ್ಮೆ ದಾಟಿದರೆ ಸಾಕು.

ಹಗಲಿನ ಟೆಸ್ಟ್ ಡ್ರೈವಿನಲ್ಲಿ ಎಂದೂ ಕಾಣದಿರುವುದು ದೀಪ. ನವೆಂಬರಿನಿಂದ ಕಬ್ಬಿನ ಹಂಗಾಮು ಶುರುವಾದರೆ ಜೋಡಿ ಟ್ರೇಲರ್ ಎಳೆದುಕೊಂಡು ಹೋಗುವ ಟ್ರ್ಯಾಕ್ಟರುಗಳು ರಾತ್ರಿಯಿಡೀ ರಸ್ತೆಯಲ್ಲಿರುತ್ತವೆ, ಹಿಂದಿನ ಟ್ರೇಲರಿಗೆ ಕೆಂಪು ದೀಪವಾಗಲಿ ರಿಫ್ಲೆಕ್ಟರ್ ಆಗಲಿ ಇಲ್ಲದಿರುವುದೇ ಹೆಚ್ಚು. ಕಬ್ಬಿನ ಬೂದುಬಣ್ಣದ ರಾಶಿ ಕತ್ತಲಲ್ಲಿ ಕತ್ತಲೆಯಾಗಿಯೇ ಕಾಣುತ್ತದೆ. ಎದುರಿನ ವಾಹನಕ್ಕಾಗಿ ದೀಪ ತಗ್ಗಿಸಿದಾಗ ಕಡಿಮೆ ಬೆಲೆಯ ವೇರಿಯಂಟಿನ ಹ್ಯಾಲೊಜನ್ ದೀಪ ಎಷ್ಟು ದೂರ ತೋರಿಸುತ್ತದೆ, ಎಲ್‌ಇಡಿ ದೀಪ ಮಳೆಯಲ್ಲಿ ಬಿಳುಪಾಗಿ ಚೆಲ್ಲಿಹೋಗುತ್ತದೆಯೇ ಎಂದು ತಿಳಿಯಲು ಶೋರೂಂ ಮುಚ್ಚುವ ಹೊತ್ತಿಗೆ, ಕತ್ತಲಾದ ಮೇಲೆ, ಮಚ್ಛೆಯ ಆಚೆ ಖಾನಾಪುರ ರಸ್ತೆಯಲ್ಲಿ ಒಂದು ಸುತ್ತು ಕೇಳುವುದು ತಪ್ಪಲ್ಲ. ಕೇಳುವವರು ಕಡಿಮೆ ಅಷ್ಟೆ.

ಸುರಕ್ಷತೆಯನ್ನು ಯಾರೂ ಓಡಿಸಿ ಪರೀಕ್ಷಿಸಲಾರರು, ಅದನ್ನು ಓದಿಯೇ ತಿಳಿಯಬೇಕು. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ‘ಭಾರತ್ ಎನ್‌ಕ್ಯಾಪ್’ ಎಂಬ ಸರ್ಕಾರಿ ಕಾರ್ಯಕ್ರಮದಲ್ಲಿ ಕಾರನ್ನು ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಮುಂಭಾಗದ ಒಂದು ಪಕ್ಕಕ್ಕೆ ಅಪ್ಪಳಿಸುವಂತೆಯೂ, ಬದಿಯಿಂದ 50 ಕಿಲೋಮೀಟರ್ ವೇಗದಲ್ಲಿ ಡಿಕ್ಕಿಯಾಗುವಂತೆಯೂ ಮಾಡಿ, ಒಳಗಿರಿಸಿದ ಗೊಂಬೆಗಳಿಗೆ ತಗುಲಿದ ಪೆಟ್ಟನ್ನು ಅಳೆದು, ವಯಸ್ಕರ ರಕ್ಷಣೆಗೆ 32 ಅಂಕಗಳಲ್ಲೂ ಮಕ್ಕಳ ರಕ್ಷಣೆಗೆ 49 ಅಂಕಗಳಲ್ಲೂ ಬೆಲೆ ಕಟ್ಟುತ್ತಾರೆ. ಐದು ತಾರೆಗೆ ಕ್ರಮವಾಗಿ 27 ಮತ್ತು 41 ಅಂಕ ಬೇಕು. ಈ ಪರೀಕ್ಷೆ ಕಡ್ಡಾಯವಲ್ಲದ ಕಾರಣ ತಾರೆಯಿಲ್ಲದ ಗಾಡಿಗಳೂ ಮಾರುಕಟ್ಟೆಯಲ್ಲಿವೆ. ತಾರೆ ಯಾವ ವರ್ಷದ್ದು ಎಂಬುದನ್ನೂ ಕೇಳಬೇಕು: ವಿದೇಶದ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ 2021ರಲ್ಲಿ ವಯಸ್ಕರ ರಕ್ಷಣೆಗೆ ನಾಲ್ಕು ತಾರೆ ಕೊಟ್ಟಿದ್ದ ಟ್ರೈಬರ್, ನಿಯಮಗಳು ಬಿಗಿಯಾದ ಮೇಲೆ 2024ರಲ್ಲಿ ಆಫ್ರಿಕಾದ ಮಾರುಕಟ್ಟೆಗೆಂದು ಪರೀಕ್ಷೆಗೊಳಗಾದಾಗ ಎರಡಕ್ಕೆ ಇಳಿಯಿತು, ಅದೇ ವರ್ಷ ಎರ್ಟಿಗಾಕ್ಕೆ ಸಿಕ್ಕಿದ್ದು ಒಂದೇ ತಾರೆ. ಮಗುವಿನ ಸೀಟನ್ನು ಕಾರಿನ ಚೌಕಟ್ಟಿಗೇ ಕಚ್ಚಿಸುವ ‘ಐಸೊಫಿಕ್ಸ್’ ಕೊಂಡಿ ಹಿಂದಿನ ಸೀಟಿನ ಸಂದಿಯಲ್ಲಿ ಬೆರಳಿಗೆ ಸಿಗುತ್ತದೆಯೇ ಎಂದು ಮಾತ್ರ ಶೋರೂಮಿನಲ್ಲೇ ತಡವಿ ನೋಡಬಹುದು.

ಬೆಳಗಾವಿ ಸೀಮೆಯಲ್ಲಿ ‘ಆವರೇಜ್’ ಎಂದು ಕರೆಯುವ ಮೈಲೇಜಿನ ವಿಷಯದಲ್ಲಿ ನಡೆಯುವಷ್ಟು ವಾದ ಬೇರೆ ಯಾವುದರ ಬಗ್ಗೆಯೂ ನಡೆಯುವುದಿಲ್ಲ, ಅಷ್ಟು ಕಡಿಮೆ ಅರ್ಥವೂ ಬೇರೆ ವಾದಕ್ಕಿಲ್ಲ. ಜಾಹೀರಾತಿನಲ್ಲಿ ಬರುವ ಅಂಕಿ ಗಾಡಿಯನ್ನು ರೋಲರುಗಳ ಮೇಲೆ ನಿಲ್ಲಿಸಿ, ಗೊತ್ತುಪಡಿಸಿದ ಕ್ರಮದಲ್ಲಿ ಸುಮಾರು 20 ನಿಮಿಷ, ಗರಿಷ್ಠ 90 ಕಿಲೋಮೀಟರ್ ವೇಗದವರೆಗೆ ಓಡಿಸಿ ಪಡೆದದ್ದು. ಅಲ್ಲಿ ಏರೂ ಇಲ್ಲ, ಗಣೇಬೈಲಿನ ಟೋಲ್ ನಾಕೆಯ ಸರದಿಯೂ ಇಲ್ಲ. ಅದು ಎರಡು ಗಾಡಿಗಳನ್ನು ಹೋಲಿಸಲು ಬರುತ್ತದೆಯೇ ಹೊರತು ತಿಂಗಳ ಖರ್ಚು ಅಂದಾಜಿಸಲು ಬಾರದು. ನಿಜವಾದ ಲೆಕ್ಕಕ್ಕೆ, ಅದೇ ಮಾದರಿಯ ಗಾಡಿಯಿರುವ ನೆಂಟರನ್ನೋ ಬಾಡಿಗೆ ಚಾಲಕರನ್ನೋ ಹಿಡಿದು, ಟ್ಯಾಂಕ್ ಪೂರ್ತಿ ತುಂಬಿಸಿದಾಗಿನಿಂದ ಮತ್ತೆ ಪೂರ್ತಿ ತುಂಬಿಸುವವರೆಗೆ ಓಡಿದ ಕಿಲೋಮೀಟರನ್ನು ಎರಡನೇ ಸಲ ಹಿಡಿದ ಲೀಟರಿನಿಂದ ಭಾಗಿಸಿ ನೋಡಬೇಕು. ಜಿಲ್ಲೆಯ ಸಕ್ಕರೆ ಕಾರ್ಖಾನೆಗಳಲ್ಲೂ ತಯಾರಾಗುವ ಎಥೆನಾಲನ್ನು ಶೇಕಡಾ 20ರಷ್ಟು ಬೆರೆಸಿದ ಪೆಟ್ರೋಲ್ ಈಗ ಎಲ್ಲ ಬಂಕುಗಳಲ್ಲಿರುವುದರಿಂದ ಹಳೆಯ ಮಾಲೀಕರು ಹೇಳುವ ಅಂಕಿಗಿಂತ ಸ್ವಲ್ಪ ಕಡಿಮೆಯೇ ಸಿಗುತ್ತದೆಂದೂ ನೆನಪಿಡಬೇಕು.

ಡೀಸೆಲ್ಲೋ ಪೆಟ್ರೋಲೋ ಎಂಬುದಕ್ಕೂ ಭಾಗಾಕಾರವೇ ಉತ್ತರ. ಪೆಟ್ರೋಲ್ ಲೀಟರಿಗೆ 103 ರೂಪಾಯಿ, ಡೀಸೆಲ್ 91 ರೂಪಾಯಿ ಎಂದಿಟ್ಟುಕೊಂಡು, ಒಂದೇ ಗಾಡಿ ಪೆಟ್ರೋಲಿನಲ್ಲಿ 15, ಡೀಸೆಲಿನಲ್ಲಿ 19 ಕಿಲೋಮೀಟರ್ ಓಡುತ್ತದೆಂದರೆ ಕಿಲೋಮೀಟರಿಗೆ ಉಳಿಯುವುದು ಸುಮಾರು 2 ರೂಪಾಯಿ 8 ಪೈಸೆ; ಡೀಸೆಲ್ ಗಾಡಿಯ ಬೆಲೆ ಒಂದೂಕಾಲು ಲಕ್ಷ ಹೆಚ್ಚಿದ್ದರೆ ಆ ಹಣ ಮರಳಲು 60,000 ಕಿಲೋಮೀಟರ್ ಓಡಬೇಕು, ಅಂದರೆ ವರ್ಷಕ್ಕೆ ಹತ್ತು ಸಾವಿರ ಓಡುವ ಮನೆಗೆ ಆರು ವರ್ಷ. ಇದಲ್ಲದೆ 2020ರ ಏಪ್ರಿಲಿನ ಬಿಎಸ್6 ನಿಯಮದ ನಂತರದ ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿಯನ್ನು ಹಿಡಿದಿಡುವ ‘ಡಿಪಿಎಫ್’ ಎಂಬ ಸೋಸುಕ ಇದೆ. ಆ ಮಸಿ ಸುಟ್ಟುಹೋಗಲು ಗಾಡಿ ಆಗಾಗ ಹೆದ್ದಾರಿಯಲ್ಲಿ ಬಿಡದೆ ಓಡಬೇಕು. ದಿನವೂ ನಂದಗಡದಿಂದ ಖಾನಾಪುರಕ್ಕೆ ಹೋಗಿ ಬಂದು ನಿಲ್ಲಿಸುವ ಶಿಕ್ಷಕರಿಗೆ ಅದು ತಲೆನೋವು, ಬೆಳಗಾವಿ ಹುಬ್ಬಳ್ಳಿ ಎಂದು ತಿರುಗುವ ವ್ಯಾಪಾರಿಗೆ ಏನೂ ಅಲ್ಲ. ಹಲವು ಸಿಎನ್‌ಜಿ ಗಾಡಿಗಳಲ್ಲಿ ಸಿಲಿಂಡರ್ ಡಿಕ್ಕಿಯ ಬಹುಭಾಗವನ್ನು ತಿನ್ನುತ್ತದೆ. ವಿದ್ಯುತ್ ಕಾರು ಏರಿನಲ್ಲಿ ಸೊಗಸಾಗಿ ಎಳೆದು, ಇಳಿಜಾರಿನಲ್ಲಿ ಒಂದಿಷ್ಟು ಕರೆಂಟನ್ನು ಮರಳಿ ಗಳಿಸುತ್ತದಾದರೂ, ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿಯುವ ಊರಿನಲ್ಲಿ ಅದೊಂದೇ ಗಾಡಿಯಾಗಿ ಇರಬೇಕೇ ಎಂಬುದು ಆಯಾ ಮನೆಯವರೇ ಯೋಚಿಸಬೇಕಾದ ಮಾತು.

ಬೆಲೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 2025ರ ಸೆಪ್ಟೆಂಬರ್ 22ರಿಂದ 4 ಮೀಟರಿನೊಳಗಿನ ಉದ್ದ ಮತ್ತು 1,200 ಸಿಸಿವರೆಗಿನ ಪೆಟ್ರೋಲ್ ಅಥವಾ 1,500 ಸಿಸಿವರೆಗಿನ ಡೀಸೆಲ್ ಎಂಜಿನ್ ಇರುವ ಕಾರುಗಳಿಗೆ ಜಿಎಸ್‌ಟಿ ಶೇಕಡಾ 18, ಅದಕ್ಕಿಂತ ದೊಡ್ಡವಕ್ಕೆ 40. ಕಂಪನಿಗಳು 3,990 ಮಿ.ಮೀ.ಗೆ ಬಾಲ ಕತ್ತರಿಸಿ ಗಾಡಿ ಮಾಡುವುದರ ಗುಟ್ಟು ಇಂಥ ತೆರಿಗೆಯಲ್ಲಿದೆ. ಇದರ ಮೇಲೆ ಕರ್ನಾಟಕದ ಆಜೀವ ತೆರಿಗೆ ಗಾಡಿಯ ಬೆಲೆಗೆ ತಕ್ಕಂತೆ ಏರುತ್ತ ಹೋಗಿ, ಹತ್ತು ಲಕ್ಷ ದಾಟಿದೊಡನೆ ಶೇಕಡಾ 14ರಿಂದ 17ಕ್ಕೆ ಜಿಗಿಯುತ್ತದಾದ್ದರಿಂದ, ಆ ಗಡಿಯ ಸುತ್ತ ಒಂದು ವೇರಿಯಂಟ್ ಮೇಲೆ ಹೋಗುವುದು ಕಾಣುವುದಕ್ಕಿಂತ ದುಬಾರಿ. ತೆರಿಗೆ ಉಳಿಸಲು ಗೋವಾ ಅಥವಾ ಮಹಾರಾಷ್ಟ್ರದ ವಿಳಾಸದಲ್ಲಿ ಗಾಡಿ ಕೊಳ್ಳುವ ಸಲಹೆ ಗಡಿಭಾಗದಲ್ಲಿ ಧಾರಾಳವಾಗಿ ಸಿಗುತ್ತದೆ. 12 ತಿಂಗಳಿಗಿಂತ ಹೆಚ್ಚು ಕಾಲ ಬೇರೆ ರಾಜ್ಯದಲ್ಲಿರುವ ವಾಹನಕ್ಕೆ ಅಲ್ಲಿಯ ನೋಂದಣಿ ಪಡೆಯಬೇಕೆಂದು ಮೋಟಾರು ವಾಹನ ಕಾಯ್ದೆಯ 47ನೇ ಕಲಮು ಹೇಳುವುದರಿಂದ, ಆ ಉಳಿತಾಯ ಬಹಳ ದಿನ ಬಾಳುವಂಥದ್ದಲ್ಲ.

ಹೋಲಿಕೆ ಹೋಲಿಕೆಯಾಗಬೇಕಾದರೆ ಗಾಡಿಗಳನ್ನು ಬೇರೆ ಬೇರೆ ವಾರಗಳಲ್ಲಿ ಓಡಿಸಬಾರದು. ಎರಡು, ಹೆಚ್ಚೆಂದರೆ ಮೂರು ಮಾದರಿಗಳನ್ನು ಮೊದಲೇ ಆಯ್ದುಕೊಂಡು, ಒಂದೇ ದಿನ, ಒಂದೇ ರಸ್ತೆಯಲ್ಲಿ, ಅಷ್ಟೇ ಮಂದಿಯನ್ನು ಕೂರಿಸಿಕೊಂಡು ಓಡಿಸಿದರೆ ಮೈ ಎಲ್ಲವನ್ನೂ ಒಟ್ಟಿಗೆ ನೆನಪಿಟ್ಟುಕೊಂಡಿರುತ್ತದೆ. ಓಡಿಸಲು ಕೊಡುವ ಗಾಡಿ ಸಾಮಾನ್ಯವಾಗಿ ಅತಿ ಬೆಲೆಯ ವೇರಿಯಂಟ್ ಆಗಿರುತ್ತದಾದ್ದರಿಂದ, ಕೊಳ್ಳಲಿರುವ ವೇರಿಯಂಟಿನ ಟೈರು, ದೀಪ, ಸೀಟಿನ ಎತ್ತರ ಹೊಂದಿಸುವ ಹಿಡಿಕೆ ಬೇರೆಯೇ ಎಂದು ಅಲ್ಲಿಯೇ ಕೇಳಿಕೊಳ್ಳಬೇಕು. ಸಾಧ್ಯವಿದ್ದರೆ ಊರಿನ ಮಿಸ್ತ್ರಿಯನ್ನು ಜೊತೆಗೆ ಕರೆದೊಯ್ಯುವುದು ಒಳ್ಳೆಯದು. ಬಿಡಿಭಾಗ ಖಾನಾಪುರದಲ್ಲೇ ಸಿಗುತ್ತದೆಯೋ, ಪ್ರತಿ ಸರ್ವಿಸಿಗೂ ಬೆಳಗಾವಿಗೇ ಓಡಬೇಕೋ ಎಂಬುದನ್ನು ಆತ ಒಂದು ಮಾತಿನಲ್ಲಿ ಹೇಳಬಲ್ಲ.

ದಸರೆಗೋ ದೀಪಾವಳಿ ಪಾಡ್ಯಕ್ಕೋ ಗಾಡಿ ಮನೆಗೆ ಬರಲೇಬೇಕೆಂಬ ಒತ್ತಾಯವಿದ್ದಲ್ಲಿ ಈ ಪರೀಕ್ಷೆಯನ್ನೆಲ್ಲ ಹಬ್ಬಕ್ಕೆ ಒಂದೂವರೆ ತಿಂಗಳು ಮುಂಚೆಯೇ ಮುಗಿಸುವುದು ಲೇಸು. ಹಬ್ಬದ ವಾರದಲ್ಲಿ ಶೋರೂಮಿನ ಟೆಸ್ಟ್ ಡ್ರೈವ್ ಗಾಡಿಗಳಿಗೆ ಬಿಡುವಿರುವುದಿಲ್ಲ. ಹಣ ಪೂರ್ತಿ ಕಟ್ಟುವ ಮುನ್ನ ತನಗೆಂದೇ ಬಂದ ಗಾಡಿಯ ಚಾಸಿ ಸಂಖ್ಯೆ, ತಯಾರಾದ ತಿಂಗಳು, ಬಣ್ಣದ ಗೀರು, ಸ್ಟೆಪ್ನಿ, ಜ್ಯಾಕು, ಮೀಟರಿನಲ್ಲಿ ಓಡಿದ ಕಿಲೋಮೀಟರುಗಳನ್ನು ಹಗಲು ಬೆಳಕಿನಲ್ಲಿ ನಿಂತು ನೋಡಿಕೊಳ್ಳಲು ಯಾರ್ಡಿನಲ್ಲಿ ಅರ್ಧ ಗಂಟೆ ಪುರಸೊತ್ತೂ ಆಗ ಸಿಗುವುದಿಲ್ಲ.